ನೀಲಾಂಬಿಕಾ ನರ್ಸಮ್ಮನ ತಿದ್ದುಪಡಿ

ಹಂಸಭಾವಿಯ ನಿವೃತ್ತ ನರ್ಸ್ ನೀಲಾಂಬಿಕಾ ಯಾರ ಮನೆ ಹೊಕ್ಕರೂ ಮೊದಲು ಬಚ್ಚಲಿನ ಸಾಬೂನನ್ನೇ ವಿಚಾರಿಸುವರು. "ಯೋನಿ ಒಳಗ ಸಾಬೂನು ಮುಟ್ಟಿಸಬ್ಯಾಡವಾ! ಅಲ್ಲಿ ಮೊಸರಿನ ಹೆಪ್ಪಿನಂಥಾ ಒಳ್ಳೆ ಜೀವಾಣು ಅದಾವ, ಅವು ಅಲ್ಲಿನ ಹುಳಿ ಕಾಯ್ದರ ಸೋಂಕು ತರೂ ಪರೋಪಜೀವಿ ಸುಲಭಕ್ಕ ನೆಲೆಯೂರೂದಿಲ್ಲ" ಎಂಬುದು ಅವರ ನಿತ್ಯಪಾಠ. "ಹಂಗಾರ ಮೊಸರು ಹಚ್ಚಲೇನ್ರಿ?" ಎಂದ ಒಂದು ಮನೆಯ ಸೊಸೆಗೆ, "ಉಣ್ಣು, ಹುಚ್ಚಿ!" ಎಂಬ ಗದರಿಕೆ. ಹೆಂಡತಿಗೆ ಸೋಂಕು ತಗಲಿದ್ದರೆ, ಅದು ಗಂಡನಿಂದ ಮತ್ತೆ ಅವಳಿಗೆ ದಾಟದಂತೆ, ವೈದ್ಯರು ಬರೆದ ಗುಳಿಗೆಯನ್ನು ಅವನೂ ನರ್ಸಮ್ಮನೆದುರೇ ನುಂಗಬೇಕು, "ನನಗ್ಯಾಕ್ರಿ?" ಎಂದವನ ಕೈಗೆ ನೀರಿನ ತಂಬಿಗೆ. ಮೊನ್ನೆ ಮುದುಕಿ ನಾಗವ್ವ, "ಮೂವತ್ತು ವರ್ಷದ ಹಿಂದ ಒಳಗೂ ಸಾಬೂನು ಹಚ್ಚಿ ತೊಳಿ ಅಂದಾಕಿ ನೀನ ಅಲ್ಲೇನು?" ಎಂದು ಕೇಳಿಯೇಬಿಟ್ಟಳು. ನೀಲಾಂಬಿಕಾ ತಲೆ ತಗ್ಗಿಸಿದರು. "ಹೌದಕ್ಕ, ನಂದ ತಪ್ಪು. ಅದನ್ನ ತಿದ್ದಾಕ ಮನಿ ಮನಿ ತಿರಗಾಕತ್ತೇನಿ. ಇನ್ನ ನಲವತ್ತು ಮನಿ ಅದಾವ, ಮೊಣಕಾಲು ತಾಳಬೇಕಷ್ಟ." ನಾಗವ್ವ ತನ್ನ ಊರುಗೋಲನ್ನು ಅವರ ಕೈಗಿಟ್ಟಳು.