ಅಕ್ಕ ಒಯ್ದ ಕತ್ತರಿ

ಅಕ್ಕನ ಬಲಗೈ ಹೆಬ್ಬೆರಳು ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ರಾಯಚೂರಿನ ಲ್ಯಾಬಿನಲ್ಲಿ ದಿನವಿಡೀ ದ್ರವ ಅಳೆದು ಹನಿಸುವ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ರೂಢಿಯಾಗಿ, ಮಾನ್ವಿಯ ಮನೆಗೆ ಬಂದು ಊಟಕ್ಕೆ ಕೂತಾಗಲೂ ಅದು ಗಾಳಿಯನ್ನೇ ಒತ್ತುತ್ತಿತ್ತು. “ರೊಟ್ಟ್ಯಾಗೂ ಗುಂಡಿ ಅದಾವೇನ್ ಬೇ, ಹಂಗ್ಯಾಕ ಒತ್ತಾಕತ್ತೀ?” ಎಂದು ಅವ್ವ ಛೇಡಿಸುತ್ತಿದ್ದಳು.

ಕೂಲಿಯಿಂದ ಬದುಕಿದ ನಮ್ಮ ಮನೆಯಲ್ಲಿ ಎಂ.ಎಸ್ಸಿ ಓದಿದವಳು ಅವಳೊಬ್ಬಳೇ. ಔಷಧಿಗೆ ಬಗ್ಗದ ರೋಗಾಣುವಿನ ಒಂದು ಜೀನ್ ತೆಗೆದು, ನಿರುಪದ್ರವಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದ ಕಿಣ್ವ ತಯಾರಿಸುವುದು ಅವಳ ಕೆಲಸ. ಆ ಕಿಣ್ವ ಆಂಟಿಬಯಾಟಿಕ್ಕನ್ನು ಹೇಗೆ ಮುರಿಯುತ್ತದೆಂದು ತಿಳಿದರೆ ತಡೆಯುವ ದಾರಿಯೂ ಸಿಕ್ಕೀತು ಎನ್ನುತ್ತಿದ್ದಳು. ನನ್ನದು ದೇವದುರ್ಗದಲ್ಲಿ ಔಷಧಿ ಅಂಗಡಿ.

ಒಮ್ಮೆ ನನ್ನನ್ನು ಲ್ಯಾಬಿಗೆ ಕರೆದೊಯ್ದಳು. ಪುಟ್ಟ ಕೊಳವೆಯಲ್ಲಿ ಆಂಟಿಬಯಾಟಿಕ್ ಜಾತಿಯದೇ ಒಂದು ಹಳದಿ ದ್ರವವಿತ್ತು. ಅದಕ್ಕೆ ತನ್ನ ಕಿಣ್ವದ ಒಂದು ಹನಿ ಬಿಟ್ಟಳು. ನೋಡುತ್ತಿದ್ದಂತೆ ಕೆಂಪಾಯಿತು.

“ಮುರೀತು ನೋಡು. ಇನ್ನ ಇದು ಔಷಧ ಅಲ್ಲ, ಬರೇ ನೀರು.”

“ಇದಕ್ಕೂ ನನ್ನ ಅಂಗಡಿಗೂ ಏನ್ ಸಂಬಂಧ ಯಕ್ಕಾ?”

“ಲೇ, ಡಾಕ್ಟರ್ ಚೀಟಿ ನೋಡದ, ಐದು ದಿನದ ಗುಳಿಗಿ ಎರಡೇ ದಿನಕ್ಕ ಕೊಡ್ತೀ. ಅಷ್ಟಕ್ಕ ಸಾಯದ ಹುಳ ಉಳದು ಬೆಳೀತಾವ. ನೀ ಅವಕ್ಕ ಟ್ಯೂಷನ್ ಹೇಳಾಕತ್ತೀ.”

ನಾನು ನಕ್ಕು ಮಾತು ಮರೆಸಿದೆ.

ಮುಂದೊಂದು ಸಂತೆಯ ದಿನ ಹೇಳದೆ ಅಂಗಡಿಗೆ ಬಂದಳು. ಗಬ್ಬೂರಿನ ಮುದುಕಿಯೊಬ್ಬಳು, “ಎರಡೇ ಗುಳಿಗಿ ಕೊಡಪಾ, ಜ್ವರ ಬಿಟ್ರ ಸಾಕು, ಬಸ್ ಹೊಂಟದ” ಎನ್ನುತ್ತಿದ್ದಳು. ಆಂಟಿಬಯಾಟಿಕ್ ಗುಳಿಗೆಯ ಹಾಳೆಯಿಂದ ಎರಡು ಕತ್ತರಿಸಿ ಕೊಟ್ಟು ತಲೆ ಎತ್ತಿದರೆ ಅಕ್ಕ ನಿಂತಿದ್ದಳು.

“ಕೊಡಲಿಲ್ಲಂದ್ರ ಬಾಜೂ ಅಂಗಡಿಗೆ ಹೋಗ್ತಾರ ಯಕ್ಕಾ.”

ಅವಳು ಕೌಂಟರಿನ ಮೇಲಿದ್ದ ಕತ್ತರಿ ಎತ್ತಿ ಚೀಲಕ್ಕೆ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಿದಳು. ಮರುದಿನ ನಾನು ಹೊಸ ಕತ್ತರಿ ತಂದೆ.

ಅದಾಗಿ ಮೂರು ವರ್ಷಕ್ಕೆ, ಕಳೆದ ವರ್ಷ, ಕಿಡ್ನಿ ಕಲ್ಲಿನ ಆಪರೇಷನ್ ಆದ ಮೇಲೆ ಅವಳಿಗೆ ಸೋಂಕು ತಗುಲಿತು. ಅದಕ್ಕೆ ಯಾವ ಔಷಧಿ ನಾಟುತ್ತದೆಂದು ಪರೀಕ್ಷಿಸಿದ ವರದಿಯನ್ನು ಅವಳೇ ಕೈಚಾಚಿ ಇಸಿದುಕೊಂಡಳು. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಓದಿದಳು. ಯಾವುದೂ ನಾಟುವಂತಿರಲಿಲ್ಲ.

“ನನ್ನಿಂದ ಆತೇನ್ ಯಕ್ಕಾ?” ಎಂದೆ.

“ಹುಚ್ಚಾ, ಇದು ಎಲ್ಲಿಂದ ಬಂತು ಅಂತ ಯಾರಿಗೂ ಹೇಳಾಕ ಬರಂಗಿಲ್ಲ. ಅಳಬ್ಯಾಡ.”

ಅವಳು ಹೇಳಿದ್ದು ನಿಜ. ನನ್ನಿಂದ ಅಲ್ಲ ಎಂದೂ ಯಾರಿಗೂ ಹೇಳಲು ಬರುವುದಿಲ್ಲ. ವರದಿ ಬಂದ ಎಂಟನೆಯ ದಿನ ಹೋದಳು. ಹಿಂದಿನ ದಿನದವರೆಗೂ ಆ ಹೆಬ್ಬೆರಳು ಹಾಸಿಗೆಯ ಅಂಚನ್ನು ಒತ್ತುತ್ತಿತ್ತು.

ಲ್ಯಾಬಿನವರು ಅವಳ ಮೇಜಿನ ಸಾಮಾನು ತಂದುಕೊಟ್ಟರು. ಕನ್ನಡಕದ ಡಬ್ಬಿ, ಎರಡು ಪೆನ್ನು, ನನ್ನ ಕತ್ತರಿ. ಕೊಳವೆಗಳಿಗೆ ಹೆಸರು ಅಂಟಿಸುವಂತೆ ಅದರ ಹಿಡಿಗೂ ಬಿಳಿ ಟೇಪು ಸುತ್ತಿ ಸಣ್ಣಕ್ಷರದಲ್ಲಿ ಬರೆದಿದ್ದಳು: “ತಮ್ಮಂದು. ಚೀಟಿ ನೋಡಿ ಪೂರಾ ಕೊಡ್ತೀನಿ ಅಂದ ದಿನ ವಾಪಸ್.”

ಅಷ್ಟು ಹೇಳಲು ನನಗೆ ಮೂರು ವರ್ಷವಿತ್ತು.