ಹುಳ ಹಣ್ಣಾಗುವ ತನಕ

ಮೊನ್ನೆ ಕೋಲಾರದ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆ ತಂದು ನನ್ನ ಕಾಲ ಹತ್ತಿರ ಇಟ್ಟರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಓರಗಿತ್ತಿ ನೆನಪಾದಳು... ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಅಂತಿದ್ದೆ.

ವೇಮಗಲ್ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ರೇಷ್ಮೆ ಹುಳದ ಮನೆಯೆಲ್ಲ ಅವಳದೇ ಯಜಮಾನಿಕೆ. ಒಗ್ಗರಣೆ ವಾಸನೆ ಹತ್ತಿದ ಸೀರೆಯಲ್ಲಿ ಒಳಗೆ ಕಾಲಿಟ್ಟರೆ, "ಲೇ, ಹುಳ ಸಾಯಿಸ್ತೀಯೇನೇ?" ಅಂತ ಓಡಿಸುತ್ತಿದ್ದಳು. ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಿರಲಿಲ್ಲ. ಅದೊಂದೇ ಆಸೆ ಅವಳಿಗೆ.

ಒಂದು ಸಲ ಕಿಬ್ಬೊಟ್ಟೆ ನೋವು, ಜ್ವರ, ಬಿಳಿ ಹೋಗುವುದು ಎಲ್ಲ ಒಟ್ಟಿಗೇ ಶುರುವಾಯಿತು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗರ್ಭಕೋಶಕ್ಕೂ ನಳಿಕೆಗಳಿಗೂ ಸೋಂಕು ತಗುಲಿದೆ ಅಂದರು ಡಾಕ್ಟರಮ್ಮ. ಇಂಜೆಕ್ಷನ್ ಹಾಕಿ ಎರಡು ವಾರದ ಮಾತ್ರೆ ಕೊಟ್ಟರು. "ನೋವು ನಿಂತ್ರೂ ನಿಲ್ಲಿಸ್ಬೇಡಮ್ಮ. ಅರ್ಧಕ್ಕೆ ಬಿಟ್ರೆ ಮುಂದೆ ಮಕ್ಕಳಾಗೋದು ಕಷ್ಟ. ನಿಮ್ಮ ಯಜಮಾನ್ರೂ ಔಷಧಿ ತಗೋಬೇಕು."

ಭಾವ ತಗೊಂಡರೇ? "ನಂಗೇನ್ ಧಾಡಿ?" ಅಂದರು. ಥೂ, ಈಗಲೂ ಮೈ ಉರಿಯುತ್ತದೆ.

ಅಕ್ಕ ಕೆಲವು ದಿನ ಚಾಚೂ ತಪ್ಪದೆ ನುಂಗಿದಳು. ನೋವು ಇಳಿಯಿತು. ಆದರೆ ಬಾಯೆಲ್ಲ ಕಹಿ, ಹೊಟ್ಟೆ ತೊಳಸು, ವಾಂತಿ. ಹುಳ ದಪ್ಪಗಾಗಿ ಬಿಡುವಿಲ್ಲದೆ ಸೊಪ್ಪು ಮೇಯುವ ಹೊತ್ತು ಅದು. ಹುಳದ ಮನೆಯೊಳಗೆ ವಾಂತಿಯಾಗಿಬಿಟ್ಟರೆ ಬೆಳೆಯೇ ಕೆಟ್ಟುಹೋಗುತ್ತದೆ ಅಂತ ಅವಳಿಗೆ ಭಯ. "ಹುಳ ಹಣ್ಣಾಗಿ ಗೂಡು ಕಟ್ಲಿ ಕಣೇ, ಆಮೇಲೆ ಉಳಿದಿದ್ದು ನುಂಗ್ತೀನಿ" ಅಂದಳು. ನಾನು ಜಗಳವಾಡಿದೆ. ಅತ್ತೆ ನಡುವೆ ಬಾಯಿ ಹಾಕಿ, "ನೋವೇ ಇಲ್ವಲ್ಲ, ಇನ್ಯಾಕಮ್ಮ ಆ ಉಷ್ಣದ ಮಾತ್ರೆ?" ಅಂದರು. ಅಲ್ಲಿಗೆ ಮುಗಿಯಿತು.

ಗೂಡು ಚೆನ್ನಾಗಿಯೇ ಆಯಿತು. ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ, ಆ ಚಂದ್ರಂಕಿಯಿಂದ ಗೂಡು ಬಿಡಿಸುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದಳು. ಕೋಲಾರಕ್ಕೆ ಹೊತ್ತುಕೊಂಡು ಹೋದೆವು. ಒಳಗೆ ಕೀವು ಕಟ್ಟಿ ಒಡೆದಿತ್ತು. ಜೀವ ಉಳಿಸಬೇಕಾದರೆ ಬೇರೆ ದಾರಿಯಿಲ್ಲ ಅಂತ ಗರ್ಭಕೋಶವನ್ನೇ ತೆಗೆದರು.

ಎಚ್ಚರವಾದ ಮೇಲೆ ನನ್ನ ಕೈಲಿ ಮನೆಯಿಂದ ಆ ಮಾತ್ರೆ ಪೊಟ್ಟಣ ತರಿಸಿಕೊಂಡಳು. ಗರ್ಭಕೋಶ ತೆಗೆದದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. "ಇನ್ನೂ ಇಷ್ಟು ಉಳಿದಿವೆ ಕಣೇ. ಈಗ ನುಂಗಿದ್ರೆ ಮಕ್ಕಳಾಗಲ್ವಾ?" ಅಂದಳು. ಆಗುತ್ತೆ ಅಕ್ಕ ಅಂದೆ. ಇನ್ನೇನು ಅನ್ನಲಿ?

ಆಮೇಲೆ... ಸೋಂಕು ರಕ್ತಕ್ಕೆ ಇಳಿದಿತ್ತು. ಮನೆಗೆ ಬರಲೇ ಇಲ್ಲ ಅವಳು.

ಭಾವ ಇನ್ನೊಂದು ಮದುವೆಯಾದರು. ಈಗ ಮನೆಯಲ್ಲಿ ಅವರ ಎರಡು ಪುಟ್ಟ ಮಕ್ಕಳಿವೆ. ಚಿಕ್ಕಮ್ಮಾ ಅಂತ ಬಂದು ನನ್ನ ಸೆರಗು ಎಳೆಯುತ್ತವೆ. ಪಾಪ, ಅವುಗಳದೇನು ತಪ್ಪು? ಆದರೂ ಎತ್ತಿಕೊಳ್ಳಲು ನನಗೆ ಕೈ ಬರುವುದಿಲ್ಲ.