ದೀಪ ಆರಿದ ಮೇಲೆ ಏರಿದ ನೀರು

ಶಾಲೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಡಬ್ಬಿ ಟೀಚರ್ ಅಂತ. ಬೆಳಿಗ್ಗೆ ಬರುವಾಗ ಚೀಲದ ತುಂಬ ಖಾಲಿ ಡಬ್ಬಿ, ಔಷಧದ ಸೀಸೆ, ಮುರಿದ ಆಟಿಕೆಯಿಂದ ಕಿತ್ತ ಅಯಸ್ಕಾಂತ, ಸೈಕಲ್ ಟ್ಯೂಬಿನ ತುಂಡು. ಮನೆಯಲ್ಲಿ ಅವಳ ಅಕ್ಕ ಗೊಣಗುತ್ತಿದ್ದಳಂತೆ: "ನಮ್ಮನೇಲಿ ಲೋಟ ಕಾಣೆಯಾದ್ರೆ ಕಳ್ಳನ್ನ ಹುಡುಕಬೇಕಿಲ್ಲ, ಐದನೇ ಕ್ಲಾಸಿಗೆ ಹೋದ್ರೆ ಸಾಕು."

ನಾನು ಪಕ್ಕದ ಕೋಣೆಯಲ್ಲಿ ಗಣಿತ ಹೇಳುತ್ತಿದ್ದವನು. ನಡುವಿನ ಗೋಡೆ ಸೂರಿನವರೆಗೆ ಇರಲಿಲ್ಲ. ಹನ್ನೊಂದು ವರ್ಷ ಆಕೆಯ ಪಾಠ ನನ್ನ ಕಿವಿಗೂ ಬೀಳುತ್ತಿತ್ತು, ಮಕ್ಕಳ ಕೂಗಾಟದ ಸಮೇತ.

ಶಾಲೆಗೆ ವಿಜ್ಞಾನದ ಸಾಮಾನು ಬಂದಿರಲಿಲ್ಲ ಅಂತಲ್ಲ. ಬಂದಿತ್ತು. ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಬೀರುವಿನಲ್ಲಿ ಅದಕ್ಕೆ ಬೀಗ ಬಿದ್ದಿತ್ತು. "ಮಕ್ಕಳ ಕೈಗೆ ಕೊಟ್ರೆ ಒಡೆದು ಹಾಕ್ತಾರೆ" ಎನ್ನುವುದು ಅವರ ಮಾತು. ಮಕ್ಕಳಿಗಾಗಿ ಕೊಟ್ಟದ್ದನ್ನು ಮಕ್ಕಳಿಂದ ಕಾಪಾಡುತ್ತಿದ್ದರು! ತನಿಖೆಗೆ ಯಾರಾದರೂ ಬಂದ ದಿನ ಮಾತ್ರ ಜವಾನ ಧೂಳು ಒರೆಸುತ್ತಿದ್ದ.

ಆ ವರ್ಷ ಡಬ್ಬಿ ಟೀಚರ್ ಐದನೇ ತರಗತಿಗೆ ಮೇಣದಬತ್ತಿಯ ಪ್ರಯೋಗ ಮಾಡಿಸಿದಳು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ಬೆಂಕಿ ಲೋಟದ ಆಮ್ಲಜನಕವನ್ನೆಲ್ಲ ಬಳಸಿಕೊಂಡಿತು, ಆ ಖಾಲಿ ಜಾಗಕ್ಕೆ ನೀರು ಬಂತು ಎಂದು ಪುಸ್ತಕ ಹೇಳುತ್ತಿತ್ತು. ಆಕೆಯೂ ಪ್ರತಿವರ್ಷ ಹಾಗೇ ಹೇಳಿಕೊಂಡು ಬಂದಿದ್ದಳು.

ಇಸ್ತ್ರಿ ಅಂಗಡಿಯವನ ಮಗಳು ಎದ್ದು ನಿಂತಳು. "ಟೀಚರ್, ದೀಪ ಉರಿಯೋವಾಗ ನೀರು ಏರಲೇ ಇಲ್ಲ. ಆರಿದ ಮೇಲೆ ಏರ್ತು."

ಗೋಡೆಯಾಚೆಯಿಂದ ಟೀಚರ್ ದನಿ ಕೇಳಿಸಿತು: "ಹೌದೇನೇ? ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನೊಂದ್ಸಲ ನೋಡೋಣ."

ಒಂದು ಸಲವಲ್ಲ, ಒಂಬತ್ತು ಸಲ ನೋಡಿದರು. ಲೋಟ ಮುಚ್ಚುವಾಗ ಅಂಚಿನಿಂದ ಗುಳ್ಳೆಗಳು ಹೊರಗೆ ಬರುವುದು ಕಂಡಿತು. ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲಕ್ಕೆ ಏರಿತು. ಲೋಟ ಅದೇ, ಒಳಗಿನ ಗಾಳಿಯೂ ಅಷ್ಟೇ. ಹಾಗಾದರೆ ಹೆಚ್ಚು ಏರಿದ್ದೇಕೆ? ಉತ್ತರ ಹುಡುಕಿದ್ದೂ ಅದೇ ಹುಡುಗಿ. ದಿನವೂ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ಬೆಳೆದವಳು, ಬಿಸಿಯ ಸಂಗತಿ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಗಾಳಿ ಬಿಸಿಯಾಗಿ ಉಬ್ಬಿ ಒಂದಷ್ಟು ಆಚೆ ಹೋಯ್ತು. ಆರಿದ ಮೇಲೆ ಒಳಗಿರೋದು ತಣ್ಣಗಾಗಿ ಕುಗ್ತು. ಅದಕ್ಕೇ ನೀರು ಒಳಗೆ ಬಂತು."

ಆ ಸಂಜೆ ಟೀಚರ್ ಗ್ರಂಥಾಲಯಕ್ಕೆ ಹೋಗಿ ಕಾಲೇಜಿನ ದಪ್ಪ ಪುಸ್ತಕ ತೆಗೆದು ನೋಡಿದಳು. ಹತ್ತು ವರ್ಷದ ಹುಡುಗಿ ಹೇಳಿದ್ದೇ ಸರಿ. ಮರುದಿನ ತರಗತಿಯಲ್ಲಿ, "ನಾನು ಇಷ್ಟು ವರ್ಷ ತಪ್ಪು ಹೇಳಿದೆ" ಎಂದು ಒಪ್ಪಿಕೊಂಡಳು. ಈ ಕಥೆಯಲ್ಲಿ ಹೀಗೆ ಮರುದಿನವೇ ತಪ್ಪು ಒಪ್ಪಿಕೊಂಡ ದೊಡ್ಡವರು ಅವಳೊಬ್ಬಳೇ ಎಂಬುದನ್ನು ಗಮನಿಸಿ.

ವರ್ಷದ ಕೊನೆಗೆ ಎಲ್ಲ ಶಾಲೆಗಳಿಗೂ ಸೇರಿ ಒಂದೇ ಪರೀಕ್ಷೆ. ಅದೇ ಪ್ರಶ್ನೆ ಬಂತು, ಎರಡು ಅಂಕಕ್ಕೆ. ಮೂವತ್ತನಾಲ್ಕು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳು ತಾವು ಕಂಡದ್ದನ್ನು ಬರೆದರು. ಮೂವತ್ತೊಂದಕ್ಕೂ ಸೊನ್ನೆ. ಪ್ರಯೋಗದ ದಿನ ಜ್ವರ ಬಂದು ಮನೆಯಲ್ಲಿದ್ದು, ಗೈಡಿನಿಂದ ಉರು ಹೊಡೆದ ಮೂವರಿಗೆ ಮಾತ್ರ ಪೂರ್ಣ ಅಂಕ!

ಮುಖ್ಯೋಪಾಧ್ಯಾಯರು ಆಕೆಯನ್ನು ನಮ್ಮೆಲ್ಲರ ಎದುರೇ ತರಾಟೆಗೆ ತೆಗೆದುಕೊಂಡರು.

"ಪುಸ್ತಕದಲ್ಲಿರೋದನ್ನ ಹೇಳಿಕೊಡೋಕೆ ನಿಮಗೇನ್ರೀ ಕಷ್ಟ?"

"ಪುಸ್ತಕದಲ್ಲಿರೋದು ತಪ್ಪು ಸಾರ್."

"ತಪ್ಪು ಅನ್ನೋಕೆ ನೀವ್ಯಾರು?"

"ನಾನ್ಯಾರೂ ಅಲ್ಲ. ತಟ್ಟೆ, ಲೋಟ ತಂದಿದ್ದೀನಿ. ಎರಡು ನಿಮಿಷ ನೋಡಿ."

ಅವರು ನೋಡಲಿಲ್ಲ, ಮುಖ ತಿರುಗಿಸಿದರು. ವಾರದೊಳಗೆ, ಪಠ್ಯ ಬಿಟ್ಟು ಮಕ್ಕಳನ್ನು ದಾರಿ ತಪ್ಪಿಸಿದ್ದಕ್ಕೆ ಆಕೆಗೆ ನೋಟಿಸ್ ಬಂತು. ಜೊತೆಗೆ, ಆ ಆರೋಪ ನಿಜ ಎಂಬ ಒಂದು ಹೇಳಿಕೆಗೆ ಉಳಿದ ಶಿಕ್ಷಕರಾದ ನಮ್ಮಿಂದಲೂ ಸಹಿ ಕೇಳಿದರು. ನಾಲ್ಕು ಜನ ಸಹಿ ಹಾಕಿದರು. ನಾಲ್ಕನೆಯವನು ನಾನು. ಗೋಡೆಯಾಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡವನು, ಒಂಬತ್ತು ಸಲವೂ. ಈಗ ನೆನೆದರೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ವಿಚಾರಣೆ ಶಿಕ್ಷಣ ಇಲಾಖೆಯ ದೊಡ್ಡ ಕಚೇರಿಯ ಮೂರನೇ ಮಹಡಿಯಲ್ಲಿ. ಸಹಿ ಹಾಕಿದವನೆಂದು ನನ್ನನ್ನೂ ಕರೆಸಿದ್ದರು. ಕಡತಗಳ ಗುಡ್ಡದ ಹಿಂದೆ ಅಧಿಕಾರಿ ಕೂತಿದ್ದರು. ಆಕೆ ಮಾತಾಡುವ ಮೊದಲೇ ಚೀಲದಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು, ಫ್ಯಾನ್ ನಿಲ್ಲಿಸಿದಳು, ಬತ್ತಿ ಹಚ್ಚಿದಳು. ಅಧಿಕಾರಿ ಕಡತಗಳನ್ನು ಸರಿಸಿಕೊಂಡು ಬಗ್ಗಿ ನೋಡಿದರು. ಎರಡನೇ ಸಲ ತಾವೇ ಲೋಟ ಮುಚ್ಚಿದರು. ಬತ್ತಿ ಆರಿತು, ಆಮೇಲೆ ನೀರು ಸರ್ರನೆ ಏರಿತು.

"ಹೌದಲ್ಲ!" ಎಂದರು. ಇನ್ನೇನು ಮುಗಿಯಿತು ಅಂದುಕೊಂಡೆ. ಅವರು ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು. "ಆದ್ರೆ ಮೇಡಂ, ಮಾದರಿ ಉತ್ತರದಲ್ಲಿ ಇದಿಲ್ಲ."

"ನೀವೇ ಕಣ್ಣಾರೆ ಕಂಡ್ರಲ್ಲ ಸಾರ್?"

"ಕಂಡಿದ್ದಕ್ಕೆಲ್ಲ ಅಂಕ ಕೊಡೋ ಅಧಿಕಾರ ನನಗಿಲ್ಲಮ್ಮ. ಒಂದು ಕ್ಷಮಾಪಣೆ ಬರೆದುಕೊಡಿ, ಇಲ್ಲಿಗೇ ಮುಗಿಸಿಬಿಡೋಣ."

"ಮೂವತ್ತೊಂದು ಮಕ್ಕಳಿಗೆ ಸೊನ್ನೆ ಸುತ್ತಿದವರು ಯಾರಾದ್ರೂ ಕ್ಷಮೆ ಕೇಳಿದ್ರಾ? ನಾನು ಬರೆಯಲ್ಲ."

ಆಗ ನನ್ನ ಬೆನ್ನೂ ಸ್ವಲ್ಪ ನೆಟ್ಟಗಾಯಿತು. ಎದ್ದು ನಿಂತು, "ಸಾರ್, ನನ್ನ ಸಹಿ ವಾಪಸ್ ತಗೋತೀನಿ" ಎಂದೆ.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ವಾಪಸ್ ತಗೊಳ್ಳೋಕೆ ನಮ್ಮಲ್ಲಿ ಅರ್ಜಿ ನಮೂನೆ ಇಲ್ಲ, ಕೂತ್ಕೊಳ್ಳಿ."

ಆಕೆಯಿಂದ ವಿಜ್ಞಾನ ಕಿತ್ತುಕೊಂಡು ಚಿತ್ರಕಲೆ ಕೊಟ್ಟರು. ವಿಜ್ಞಾನವನ್ನು ಯಾರ ತಲೆಗೆ ಕಟ್ಟಿದರು ಗೊತ್ತೇ? ನನ್ನ ತಲೆಗೆ. ಮೊದಲ ದಿನ ಆಕೆಯ ಚಿತ್ರಕಲೆ ತರಗತಿಗೆ ಹೋಗಿ ಆಕೆಯ ಮುಂದೆ ನಿಂತೆ. ಇಷ್ಟೇ ಹೇಳಿದೆ: "ನೀವು ವಿಜ್ಞಾನದ ಕ್ಲಾಸಿಗೆ ಹೋಗಿ. ನಾನು ಇಲ್ಲಿ ಹೂಕುಂಡದ ಚಿತ್ರ ಬರೆಸ್ತೀನಿ."

"ಸಿಕ್ಕಿಬಿದ್ರೆ?"

"ಬಿದ್ರೆ ಬೀಳೋಣ ಬಿಡಿ. ಈ ಸಲ ನಿಮ್ಮ ಜೊತೆಗೇ ಬೀಳ್ತೀನಿ."

ಆಕೆ ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಚೀಲ ಎತ್ತಿಕೊಂಡು ಹೊರಟಳು. ಹೀಗೆ ಎರಡು ವರ್ಷ ನಡೆಯಿತು: ವೇಳಾಪಟ್ಟಿಯಲ್ಲಿ ನಾನು, ತರಗತಿಯಲ್ಲಿ ಅವಳು. ನನ್ನ ಕುಂಡಗಳೆಲ್ಲ ಸೊಟ್ಟಗೆ ಬಂದು ಮಕ್ಕಳು ನಗುತ್ತಿದ್ದರು. ಮುಖ್ಯೋಪಾಧ್ಯಾಯರಿಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ಆ ಎರಡು ವರ್ಷದಲ್ಲಿ ಅವರು ಒಮ್ಮೆಯೂ ತರಗತಿಗೆ ಕಾಲಿಡಲಿಲ್ಲ.

ಮೂರನೇ ವರ್ಷ ಹೊಸ ಪುಸ್ತಕ ಬಂತು. ಮೇಣದಬತ್ತಿಯ ಪಾಠ ಸದ್ದಿಲ್ಲದೆ ಮಾಯವಾಗಿತ್ತು. ನಾನು ಖುಷಿಯಿಂದ ಓಡಿಹೋಗಿ ತೋರಿಸಿದೆ. ಆಕೆ ಕೆಂಡಾಮಂಡಲವಾದಳು.

"ತಿದ್ದೋದು ಬಿಟ್ಟು ಕಿತ್ತೇ ಹಾಕಿದ್ದಾರೆ! ತಪ್ಪಾಯ್ತು ಅಂತ ಒಂದು ಸಾಲು ಬರೆಯೋಕೆ ಕೈಗೇನಾಗಿತ್ತು? ಇನ್ಮೇಲೆ ಮಕ್ಕಳು ಲೋಟ ಮುಚ್ಚಿ ನೋಡೋದೂ ಇಲ್ಲ!"

ಅಂದೇ ಕೂತು ಮೂವತ್ತೊಂದು ಮಕ್ಕಳ ಹೆಸರನ್ನೂ ಬರೆದು, ಅವರವರ ಎರಡು ಅಂಕ ಕೊಡಿ ಎಂದು ಕಚೇರಿಗೆ ಪತ್ರ ಹಾಕಿದಳು. ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಆರು ತಿಂಗಳಿಗೊಮ್ಮೆ ಆಕೆ ಬರೆಯುತ್ತಲೇ ಇದ್ದಾಳೆ, ಅವರು ಪರಿಶೀಲಿಸುತ್ತಲೇ ಇದ್ದಾರೆ. ಮೊನ್ನೆ ಇಸ್ತ್ರಿ ಅಂಗಡಿಯ ಹುಡುಗಿ, ಈಗ ಹೈಸ್ಕೂಲಿನವಳು, ಶಾಲೆಗೆ ಬಂದು, "ಬಿಡಿ ಟೀಚರ್, ಎರಡೇ ಅಂಕ ತಾನೆ" ಎಂದಳು.

"ಎರಡಾಗ್ಲಿ, ಅರ್ಧ ಆಗ್ಲಿ, ನಿನ್ನದು ನಿನ್ನದೇ ಕಣೇ" ಎಂದು ಟೀಚರ್ ಅವಳಿಗೂ ಗದರಿದಳು.